ಮರಳಿನ ಮೇಲೆ ಬಿಚ್ಚಿದ ಎಂಜಿನ್

ನಾನು ನಾಲ್ಕು ಚಕ್ರದ ಬೈಕು. ಎಟಿವಿ ಎನ್ನುತ್ತಾರೆ. ರಸ್ತೆ ಇಲ್ಲದ ಕಡೆ ಓಡಲೆಂದೇ ನನ್ನನ್ನು ಮಾಡಿದ್ದು. ಕಾರ್ಖಾನೆಯಲ್ಲಿ ನನ್ನ ಎಂಜಿನ್ನಿನ ಬಲಬದಿಗೆ ಒಂದು ಮುಚ್ಚಳವಿಟ್ಟು, ನಡುವೆ ತೆಳ್ಳನೆಯ ಕಾಗದದ ಪ್ಯಾಕಿಂಗ್ ಸೇರಿಸಿ ಬೋಲ್ಟು ಬಿಗಿದರು. ಒಳಗಿನ ಎಣ್ಣೆ ಒಳಗೇ ಇರಬೇಕು, ಹೊರಗಿನ ಮಣ್ಣು ಹೊರಗೇ ಇರಬೇಕು. ಆ ಕಾಗದದ ಕೆಲಸ ಇಷ್ಟೆ. ನನ್ನ ಆಯುಷ್ಯವೂ ಅಷ್ಟೇ ದಪ್ಪ.

ನನ್ನನ್ನು ಮೊದಲು ಕೊಂಡದ್ದು ಬಯಲುಸೀಮೆಯ ಬಂಡೆಗಳ ನಡುವಿನ ಒಂದು ಮೋಜಿನ ಪಾರ್ಕು. ಬಂದವರು ಬ್ರೇಕು ಯಾವುದೆಂದು ತಿಳಿಯುವ ಮೊದಲೇ ನನ್ನನ್ನು ಬಂಡೆಗೆ ಗುದ್ದಿಸುತ್ತಿದ್ದರು. ಅಂಥ ಒಂದು ಗುದ್ದಿಗೆ ಮುಚ್ಚಳ ಅಲುಗಿತು, ಪ್ಯಾಕಿಂಗ್ ಹರಿಯಿತು, ಎಣ್ಣೆ ಜಿನುಗತೊಡಗಿತು. ಮ್ಯಾನೇಜರ್ ಕಾಂತರಾಜು ರಿಪೇರಿ ಮಾಡಿಸಲಿಲ್ಲ. ನನ್ನ ಕೆಳಗೆ ಒಂದು ರಟ್ಟು ಹಾಸಿದ. ಕರಾವಳಿಯಿಂದ ಗುಲಾಬಿ ನನ್ನನ್ನು ಕೊಳ್ಳಲು ಬಂದ ದಿನ ಹೊಸ ರಟ್ಟು ಹಾಸಿದ್ದ.

ಗುಲಾಬಿ ಕುಂದಾಪುರದ ಕಡೆಯ ಮೊಗವೀರ ಹೆಂಗಸು. ಅವಳ ಅಣ್ಣ ಹೆರಿಯನಿಗೆ ಒಂದು ನಾಡದೋಣಿ ಇತ್ತು. ದೋಣಿ ಅವನದು, ಮೀನು ಮಾರಾಟ ಅವಳದು, ಊಟ ಒಂದೇ ಒಲೆಯದು. ಮೀನಿನ ಬುಟ್ಟಿಗಳನ್ನು ಮರಳು ದಾಟಿಸಿ ರಸ್ತೆಗೆ ತರಲು ಅವಳು ನನ್ನನ್ನು ತಂದಳು. ಹೆರಿಯ ನನಗೆ ಇನ್ನೊಂದು ಕೆಲಸ ಹಚ್ಚಿದ. ಹಗ್ಗ ಕಟ್ಟಿ ದೋಣಿ ಎಳೆಸುವುದು.

ಆ ತೀರದಲ್ಲಿ ದೋಣಿ ಎಳೆಯಲು ಕೂಲಿ ಇಲ್ಲ. ನಿನ್ನ ದೋಣಿಗೆ ನಾನು ಹೆಗಲು ಕೊಡುತ್ತೇನೆ, ನನ್ನದಕ್ಕೆ ನೀನು ಕೊಡು, ಇದೇ ಅಲ್ಲಿನವರ ವಾಡಿಕೆ. ನಾನು ಬಂದ ಮೇಲೆ ಹೆರಿಯನಿಗೆ ಯಾರ ಹೆಗಲೂ ಬೇಕಾಗಲಿಲ್ಲ. ಹಾಗಾಗಿ ಅವನೂ ಕೊಡುವುದನ್ನು ಬಿಟ್ಟ. ನೀರಿನ ಅಂಚಿನಿಂದ ಯಾರಾದರೂ ಕೂಗಿದರೆ ನನ್ನ ಸೀಟಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ.

ಮರಳಿನ ಮೇಲೆ ಕಪ್ಪು ಕಲೆ ಮೊದಲು ಕಂಡದ್ದು ಗುಲಾಬಿಗೆ.

"ಅಣ್ಣಾ, ಇದ್ ಸೋರ್ತಾ ಇತ್ತ್. ಬಿಚ್ಚಿ ಕಾಂಬ."

"ಬಿಚ್ಚುದ್ ಎಂತಕ್ಕೆ? ಹುಟ್ಟಿದಾಗಿಂದ ದೋಣಿ ಸೋರುದ್ ನಿಲ್ಸ್ತಾ ಬಂದವ ನಾನ್."

ಹೆರಿಯ ಹತ್ತಿಯ ನೂಲಿಗೆ ರಾಳ ಹಚ್ಚಿ ಮುಚ್ಚಳದ ಸುತ್ತ ಹೊರಗಿನಿಂದ ಒತ್ತಿದ. ಕೈಕೆಲಸ ಚೊಕ್ಕವಾಗಿತ್ತು, ಲೆಕ್ಕ ತಪ್ಪಿತ್ತು. ದೋಣಿಯಲ್ಲಿ ನೀರು ಹೊರಗಿನಿಂದ ಒಳಗೆ ನುಗ್ಗುತ್ತದೆ. ಹೊರಗೆ ಮೆತ್ತಿದ್ದನ್ನು ಆ ನೀರೇ ಒತ್ತಿ ಹಿಡಿಯುತ್ತದೆ. ನನ್ನಲ್ಲಿ ಎಣ್ಣೆ ಒಳಗಿನಿಂದ ಹೊರಗೆ ತಳ್ಳುತ್ತದೆ, ಅದೂ ಕಾದ ಎಣ್ಣೆ. ಬುಟ್ಟಿ ಹೊರುವ ದಿನಗಳಲ್ಲಿ ಮೆತ್ತಿದ್ದು ನಿಂತಿತು. ಹೆರಿಯ ಬಂದವರಿಗೆಲ್ಲ ಅದನ್ನು ತೋರಿಸಿದ.

ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ಒಂದು ಮಧ್ಯಾಹ್ನ ಗಾಳಿ ತಿರುಗಿತು, ಕಡಲು ಉಬ್ಬಿತು. ದೋಣಿಗಳೆಲ್ಲ ನೀರಿನ ಅಂಚಿನಲ್ಲೇ ಇದ್ದವು. ಎಲ್ಲರೂ ತಮ್ಮ ತಮ್ಮ ದೋಣಿಗೆ ಓಡಿದರು. ಹೆರಿಯ ನನಗೆ ಹಗ್ಗ ಕಟ್ಟಿದ, ಗುಲಾಬಿ ಓಡಿಸಿದಳು. ಮರಳುದಿಬ್ಬದ ಅರ್ಧ ಏರಿನಲ್ಲಿ ರಾಳ ಕರಗಿ ನೂಲು ಉಂಡೆಯಾಗಿ ಕಳಚಿ ಬಿತ್ತು. ಎಣ್ಣೆ ಸುರಿಯಿತು. ಕೆಂಪು ದೀಪ ಹತ್ತಿತು. ಗುಲಾಬಿ ಎಂಜಿನ್ ಆರಿಸಿದಳು.

"ನಿಲ್ಸಬೇಡ, ಓಡ್ಸ್," ಎಂದ ಹೆರಿಯ. ಅವನ ಹಿಂದೆ ಅಲೆ ದೋಣಿಯ ಬಾಲಕ್ಕೆ ಬಡಿಯುತ್ತಿತ್ತು.

"ಎಣ್ಣೆ ಇಲ್ದೆ ಓಡ್ಸಿರೆ ಇಲ್ಲೇ ಜಾಮ್ ಆತ್ತ್. ಮತ್ತೆ ದೋಣಿ ಎಳುದ್ ಯಾರ್?"

ಹೆರಿಯ ನೆರವಿಗಾಗಿ ಬೇರೆ ದೋಣಿಯವರತ್ತ ತಿರುಗಿ ಕೂಗಿದ. ಪಕ್ಕದ ಮನೆಯ ಸಂಜೀವ ತನ್ನವರೊಂದಿಗೆ ಸೊಂಟದ ನೀರಿನಲ್ಲಿ ನಿಂತು ತನ್ನ ದೋಣಿಗೆ ಹೆಗಲು ಕೊಟ್ಟಿದ್ದ.

"ನಿಂಗೆ ನಾಲ್ಕ್ ಚಕ್ರದ ಆಳ್ ಇತ್ತಲೆ, ಹೆರಿಯಣ್ಣ," ಎಂದ. ಆಮೇಲೆ, "ನಮ್ದ್ ಮುಗ್ಸ್ಕಂಡ್ ಬತ್ತೊ."

ಅಲ್ಲಿಯವರೆಗೆ ದೋಣಿ ಉಳಿಯುವುದು ಖಾತ್ರಿಯಿರಲಿಲ್ಲ. ಅವರಿಗೆ ಇದ್ದದ್ದು ಅದೊಂದೇ ದೋಣಿ.

ಗುಲಾಬಿ ಮನೆಗೆ ಓಡಿ ಸ್ಪಾನರು, ಸುತ್ತಿಗೆ, ದೋಣಿಯ ಎಂಜಿನ್ನಿಗೆಂದು ಇಟ್ಟ ಎಣ್ಣೆಯ ಡಬ್ಬಿ ತಂದಳು. ಗೋಡೆಯ ಕ್ಯಾಲೆಂಡರನ್ನೂ ಕಿತ್ತು ತಂದಿದ್ದಳು. ಇಬ್ಬರೂ ಸೇರಿ ನನ್ನನ್ನು ಎಡಮಗ್ಗುಲಿಗೆ ಉರುಳಿಸಿದರು, ಉಳಿದ ಎಣ್ಣೆ ಒಳಗೇ ನಿಲ್ಲಲಿ ಎಂದು. ಅವಳು ಬೋಲ್ಟು ಕಳಚಿ ಮುಚ್ಚಳ ತೆಗೆದಳು. ಹುಟ್ಟಿದ ಮೇಲೆ ನನ್ನ ಹಲ್ಲುಚಕ್ರಗಳು ಹಗಲು ಕಂಡದ್ದು ಅಂದೇ.

ಹರಿದ ಪ್ಯಾಕಿಂಗನ್ನು ಚಾಕುವಿನಿಂದ ಕೆರೆದಳು. ಕ್ಯಾಲೆಂಡರಿನ ಬೆನ್ನಿನ ರಟ್ಟನ್ನು ಮುಚ್ಚಳದ ಬಾಯಿಗೆ ಹಿಡಿದು ಅಂಚಿನುದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದಳು. ತಟ್ಟಿದಲ್ಲಿ ರಟ್ಟು ತುಂಡಾಗಿ ಮುಚ್ಚಳದ ಆಕಾರಕ್ಕೇ ಬಂತು. ದೋಣಿಯ ಎಂಜಿನ್ ರಿಪೇರಿಗೆ ಹೋದಾಗ ವರ್ಕ್‌ಶಾಪಿನ ಬೆಂಚಿನ ಮೇಲೆ ಕೂತು ನೋಡಿದ್ದ ಕೆಲಸ ಅದು. ಹೆರಿಯ ಗಾಳಿಗೆ ಅಡ್ಡವಾಗಿ ಟಾರ್ಪಾಲು ಹಿಡಿದು ನಿಂತಿದ್ದ. ಟಾರ್ಪಾಲು ಒಂದು ಕಡೆ ತಡೆದರೆ ಗಾಳಿ ಇನ್ನೊಂದು ಕಡೆಯಿಂದ ಬರುತ್ತಿತ್ತು. ಮರಳು ನನ್ನೊಳಗೆ ಬಿತ್ತು. ಅವಳು ಸೆರಗಿನಿಂದ ಒರೆಸಿದಳು. ಮತ್ತೆ ಬಿತ್ತು.

"ಮರಳ್ ಹೋಯ್ತ್ ಒಳ್ಗೆ. ಎಂಜಿನ್ ಹಾಳಾತ್ತ್, ಗುಲಾಬಿ."

"ಹಾಳಾಪುಕೆ ಹೊತ್ತ್ ಹಿಡಿತ್ತ್. ದೋಣಿಗೆ ಹೊತ್ತಿಲ್ಲೆ."

ಅವಳು ಹೇಳಿದ್ದು ಸರಿ. ನನ್ನ ಬಗ್ಗೆ ಆಡಿದ ಮಾತಾದರೂ ಸರಿ.

ರಟ್ಟಿಗೆ ಎಣ್ಣೆ ಸವರಿ ಕೂರಿಸಿದಳು. ಹೆರಿಯ ಮೊದಲ ಬೋಲ್ಟನ್ನೇ ಹಲಗೆಗೆ ಮೊಳೆ ಹೊಡೆಯುವವನಂತೆ ಪೂರ್ತಿ ಬಿಗಿಯಲು ಹೋದ. "ಒಂದನ್ನೇ ಬಿಗಿಬೇಡ ಮಾರಾಯ. ಎದುರ್ ಬದುರ್, ಸೊಲ್ಪ ಸೊಲ್ಪ," ಎಂದು ಸ್ಪಾನರು ಕಸಿದುಕೊಂಡಳು. ಅಷ್ಟರಲ್ಲಿ ದೊಡ್ಡ ಅಲೆಯೊಂದು ದೋಣಿಯನ್ನು ಎತ್ತಿ ಅಡ್ಡ ತಿರುಗಿಸಿತು. ಹಗ್ಗ ನನ್ನನ್ನೂ ಮರಳಿನ ಮೇಲೆ ಜಗ್ಗಿತು. ಕೊನೆಯ ಬೋಲ್ಟು ಬಿಗಿದದ್ದು ನಾನು ಜಾರುತ್ತಿರುವಾಗಲೇ.

ನನ್ನನ್ನು ನಿಲ್ಲಿಸಿ ಎಣ್ಣೆ ತುಂಬಿ ಬಟನ್ ಒತ್ತಿದರು. ಕೆಂಪು ದೀಪ ಹತ್ತಿತು. ಹಾಗೇ ಇತ್ತು. ಆಮೇಲೆ ಆರಿತು. ಗುಲಾಬಿ ಬಗ್ಗಿ ರಟ್ಟಿನ ಅಂಚಿಗೆ ಬೆರಳು ಎಳೆದು ನೋಡಿದಳು. ಎಣ್ಣೆ ಜಿನುಗುತ್ತಿರಲಿಲ್ಲ.

ನಾನು ಎಳೆದೆ. ಅಡ್ಡ ತಿರುಗಿ ನೀರು ತುಂಬಿದ ದೋಣಿ ಮೊದಲಿನ ದೋಣಿಯಲ್ಲ. ಏರಿನ ತುದಿಯಲ್ಲಿ ನನ್ನ ಹಿಂದಿನ ಚಕ್ರಗಳು ಗುಂಡಿ ತೋಡಿಕೊಂಡು ಸುಮ್ಮನೆ ತಿರುಗಿದವು. ಹೆರಿಯ ಒಬ್ಬನೇ ದೋಣಿಗೆ ಹೆಗಲು ಕೊಟ್ಟು ತಳ್ಳುತ್ತಿದ್ದ. ಇಬ್ಬರಿಂದಲೂ ಆಗಲಿಲ್ಲ. ಆಗ ಹಗ್ಗದ ಭಾರ ಒಮ್ಮೆಲೇ ಇಳಿಯಿತು. ಹಗ್ಗ ಹರಿಯಿತು ಎಂದುಕೊಂಡೆ. ಹರಿದಿರಲಿಲ್ಲ. ಸಂಜೀವ ಮತ್ತು ಅವನವರು ಬಂದು ಹಿಂದಿನಿಂದ ಹೆಗಲು ಕೊಟ್ಟಿದ್ದರು. ದೋಣಿ ದಿಬ್ಬದ ಮೇಲೆ ಬಂತು. ಸಂಜೀವ ನನ್ನ ಟೈರಿಗೆ ಒಮ್ಮೆ ಒದ್ದು, "ಒಳ್ಳೆ ಆಳೇ," ಎಂದು ಹೋದ.

ಆ ದಿನದಿಂದ ನಾನು ಒಂದು ಹನಿಯೂ ಸೋರಿಲ್ಲ. ಸೋರಿದ್ದರೆ ಮರಳು ಸ್ವಲ್ಪವಾದರೂ ಹೊರಗೆ ಹೋಗುತ್ತಿತ್ತೇನೋ. ಎಣ್ಣೆಯ ಜೊತೆ ಒಳಗೇ ಸುತ್ತಿ ಸುತ್ತಿ ಅದು ನನ್ನನ್ನು ಅರೆಯಿತು. ಮುಂದಿನ ಹಂಗಾಮಿಗೆ ನಾನು ಹೊಗೆ ಕಾರಿದೆ, ಆಮೇಲೆ ಖಾಲಿ ಬುಟ್ಟಿಯನ್ನೂ ಎಳೆಯಲಾರದಾದೆ. ಆ ವರ್ಷವೆಲ್ಲ ಅಮಾವಾಸ್ಯೆ ಯಾವತ್ತೆಂದು ನೋಡಲು ಅಣ್ಣ ತಂಗಿ ಸಂಜೀವನ ಮನೆಯ ಗೋಡೆಯ ಕ್ಯಾಲೆಂಡರಿಗೆ ಹೋಗಬೇಕಾಯಿತು.

ಈಗ ನಾನು ಬಲೆ ಕೊಟ್ಟಿಗೆಯ ಹಿಂದೆ ಇದ್ದೇನೆ. ಸರಿಯಾಗಿ ರಿಪೇರಿಯಾದದ್ದರಿಂದಲೇ ಸತ್ತ ಯಂತ್ರ ನಾನು. ಇದರಲ್ಲಿ ಯಾರ ತಪ್ಪೂ ಹುಡುಕುವುದಿಲ್ಲ. ದೋಣಿ ಎದುರಿಗೇ ಇದೆ, ದಿನವೂ ಕಡಲಿಗೆ ಹೋಗಿ ಬರುತ್ತದೆ.

ಸಂಜೆ ಹೆರಿಯ ನನ್ನ ಸೀಟಿನ ಮೇಲೆ ಕೂತು ಬೀಡಿ ಹಚ್ಚುತ್ತಾನೆ. ನೀರಿನ ಅಂಚಿನಿಂದ ಯಾರೋ ಕೂಗುತ್ತಾರೆ. ಬೀಡಿಯನ್ನು ನನ್ನ ಎಂಜಿನ್ನಿನ ಮುಚ್ಚಳದ ಮೇಲಿಟ್ಟು ಎದ್ದು ಹೋಗುತ್ತಾನೆ. ಹೆಗಲು ಒದ್ದೆ ಮಾಡಿಕೊಂಡು ಅವನು ಬರುವ ಹೊತ್ತಿಗೆ ಅದು ಆರಿರುತ್ತದೆ.