ಪ್ರಸಾದವಲ್ಲದ ಮರಳು

ಡಾಕ್ಟರ್ ನಾಗೇಂದ್ರನ ಒಂದು ಸುಳ್ಳು ಅಡಿಲೇಡಿನ ಆಸ್ಪತ್ರೆಯಲ್ಲಿ ಹತ್ತು ವರ್ಷದಿಂದ ಸಲೀಸಾಗಿ ನಡೆದುಕೊಂಡು ಬಂದಿತ್ತು. ಅಪ್ಪ ಏನು ಮಾಡುತ್ತಾರೆಂದು ಯಾರಾದರೂ ಕೇಳಿದರೆ "ಸ್ಕೂಲ್ ಮೇಷ್ಟ್ರು" ಎಂದುಬಿಡುತ್ತಿದ್ದ. ಉಡುಪಿ ಕಡೆ ಐದು ಬಣ್ಣದ ಹುಡಿಯಲ್ಲಿ ನಾಗಮಂಡಲ ಬರೆಯುತ್ತಾರೆ ಎಂದರೆ ಈ ಆಸ್ಪತ್ರೆಯವರು ತನ್ನನ್ನು ಮಂತ್ರವಾದಿಯ ಮಗ ಅಂದಾರು ಎಂಬ ಅಳುಕು.

"ಅಪ್ಪನ ವಿದ್ಯೆ ಹೇಳ್ಕೊಳ್ಳೋಕೆ ನಾಚಿಕೆ ಯಾಕ್ರೀ?" ಎಂದು ಹೆಂಡತಿ ಇಂದಿರಾ ಛೇಡಿಸಿದರೂ ಮಹಾರಾಯ ಬಾಯಿ ಬಿಡುತ್ತಿರಲಿಲ್ಲ.

೧೯೮೩ರಲ್ಲಿ ಆಸ್ಪತ್ರೆಗೆ ಅಮೆರಿಕದಿಂದ ನವಾಹೋ ಜನಾಂಗದ ಹಿರಿಯರೊಬ್ಬರು ಬಂದರು. ಅವರಲ್ಲಿ ಹಾಡು ಹಾಡಿ, ನೆಲದ ಮೇಲೆ ಮರಳಿನ ಚಿತ್ರ ಬರೆದು, ಕಾಯಿಲೆಯವರನ್ನು ಅದರ ಮೇಲೆ ಕೂರಿಸುತ್ತಾರಂತೆ. ಅಂದು ಆಸ್ಪತ್ರೆಯ ಹಾಲ್‌ನಲ್ಲಿ, ಡಾಕ್ಟರುಗಳು ಮತ್ತು ಅವರ ಮನೆಯವರ ಮುಂದೆ, ರೋಗಿಯಿಲ್ಲದೆ ಬರೆದು ತೋರಿಸಿದರಷ್ಟೆ. ಹೆಬ್ಬೆರಳು ತೋರುಬೆರಳ ಸಂದಿಯಿಂದ ಕೆಂಪು ಮರಳು ಎಳೆಯಾಗಿ ಇಳಿದದ್ದೇ ತಡ, ನಾಗೇಂದ್ರ ಕುರ್ಚಿಯ ತುದಿಗೆ ಸರಿದ. ಅದು ಅಪ್ಪನದೇ ಕೈ!

ಎರಡು ಗಂಟೆ ಬರೆದದ್ದನ್ನು ಹಿರಿಯರು ಒಂದು ಗಳಿಗೆಯಲ್ಲಿ ಅಳಿಸಿಬಿಟ್ಟರು. ಎಲ್ಲರೂ ಲೊಚಗುಟ್ಟುತ್ತಿದ್ದರೆ, ನಾಗೇಂದ್ರ ಊರಲ್ಲಿ ಮಂಡಲದ ಪ್ರಸಾದಕ್ಕೆ ನುಗ್ಗಿದ ಹಾಗೆ ಎದ್ದು ಹೋಗಿ, ಒಂದು ಚಿಟಿಕೆ ಮರಳು ತೆಗೆದು ಹಣೆಗೆ ಹಚ್ಚಿಕೊಂಡ.

ಹಿರಿಯರು ಗಬಕ್ಕನೆ ಕೈ ಹಿಡಿದರು. "ರೋಗಿ ಕೂತಿದ್ದರೆ ಅವನ ಕಾಯಿಲೆಯೆಲ್ಲ ಈ ಮರಳಿಗೆ ಇಳಿದಿರುತ್ತಿತ್ತು. ನಾವು ಇದನ್ನು ದೂರ ಒಯ್ದು ಚೆಲ್ಲುತ್ತೇವೆ. ನೀನು ಹಣೆಗೆ ಬಳಿದುಕೊಂಡೆಯಲ್ಲ!"

ಹಾಲ್ ಗೊಳ್ಳೆಂದಿತು. ಹಿರಿಯರು ಮಾತ್ರ ನಗದೆ, "ಹೀಗೆ ಹಚ್ಚಿಕೊಳ್ಳಲು ಯಾರು ಕಲಿಸಿದರು?" ಎಂದರು.

ಮುಂದಿನ ಸಾಲಿನಲ್ಲೇ ದೊಡ್ಡ ಡಾಕ್ಟರು ಕೂತಿದ್ದರು. ಹಳೆಯ ಸುಳ್ಳು ನಾಲಿಗೆಯ ತುದಿಗೆ ಬಂತು. ಹಣೆಯ ಮೇಲೆ ಮರಳಿಟ್ಟುಕೊಂಡು ಅದನ್ನು ಆಡಲು ನಾಗೇಂದ್ರನಿಗೆ ಮನಸ್ಸಾಗಲಿಲ್ಲ.

"ನಮ್ಮಪ್ಪ. ಅವರೂ ನೆಲದ ಮೇಲೆ ಹೀಗೇ ಬರೆಯುತ್ತಾರೆ. ನಮ್ಮಲ್ಲಿ ಆ ಹುಡಿ ಪ್ರಸಾದ," ಎಂದ, ಎಲ್ಲರಿಗೂ ಕೇಳುವಂತೆ.

"ಹಾಗಾದರೆ ಬರೆ," ಎಂದು ಹಿರಿಯರು ಬಿಳಿ ಮರಳಿನ ಬಟ್ಟಲು ಮುಂದೆ ಸರಿಸಿದರು.

ನಾಗೇಂದ್ರ ಕೋಟು ಬಿಚ್ಚಿ ಚಕ್ಕಳಮಕ್ಕಳ ಹಾಕಿ ಕೂತ. ಒಂದೇ ಗೆರೆಯಲ್ಲಿ ಹೆಣೆದುಕೊಂಡ ಎರಡು ನಾಗಗಳನ್ನು ಇಳಿಸಿದ. ಒಂದು ಕಡೆ ಗೆರೆ ಸೊಟ್ಟಗಾಯಿತು. ಹಿಂದಿನ ಸಾಲಿನಲ್ಲಿ ಇಂದಿರಾ ಎದ್ದೇ ನಿಂತಿದ್ದಳು.

ದೊಡ್ಡ ಡಾಕ್ಟರು ಬಗ್ಗಿ ನೋಡಿ, "ಇದನ್ನು ಕಲಿಯಲು ಎಷ್ಟು ವರ್ಷ ಬೇಕು?" ಎಂದರು.

ನಾಗೇಂದ್ರ ತಲೆಯೆತ್ತಿದ. "ನಮ್ಮಪ್ಪ ಹನ್ನೆರಡು ವರ್ಷ ಕಲಿತರು ಸರ್. ನಾನು ಎರಡೇ ವರ್ಷಕ್ಕೆ ಕೈಲಾಗದೆ ಡಾಕ್ಟರಾದೆ."