ಹೆಬ್ಬೆರಳಿಲ್ಲದ ಕೈಗವಸು

ಬಲಗೈ ಅಂಗಿಯ ತೋಳಿನೊಳಗೆ ಹೇಗೋ ಹೋಯಿತು. ಎಡಗೈ ಮಾತ್ರ ಮೊಣಕೈಯಲ್ಲಿ ಮಡಚಿಕೊಂಡು ಸೆಟೆದು ನಿಂತಿತ್ತು.

"ಎಳೀಬೇಡ, ನೋವಾಗುತ್ತೆ," ಎಂದಳು ತಾಯಿ.

ಮಗಳು ತಂದೆಯ ಕೈ ಬಿಟ್ಟು ತಾಯಿಯ ಮುಖ ನೋಡಿದಳು. ಆಡಿದ ಮಾತು ತಾಯಿಗೂ ಆಮೇಲೆ ಕೇಳಿಸಿತೇನೋ, ತಲೆ ತಗ್ಗಿಸಿ ಅಂಗಿಯ ಗುಂಡಿ ಹುಡುಕತೊಡಗಿದಳು.

ಮಂಚದ ಕಾಲ ಬಳಿ ನಿಂತಿದ್ದ ಮುದುಕ ಮುಂದೆ ಬಂದ. ಸತ್ತವನಿಗಿಂತ ಏಳೆಂಟು ವರ್ಷ ದೊಡ್ಡವನು. ಒಂದು ಕಾಲಕ್ಕೆ ಊರಿನ ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್. ಕೈಗವಸು ತೊಡದೆ ಆಡಿದವರಲ್ಲಿ ಕೊನೆಯವನೆಂದು ಎಲ್ಲರೂ ಅವನನ್ನು ಬರಿಗೈ ಎಂದೇ ಕರೆಯುತ್ತಿದ್ದರು. ಹತ್ತು ಬೆರಳೂ ಹತ್ತು ದಿಕ್ಕಿಗೆ ತಿರುಗಿದ್ದವು. ಬೆಳಗ್ಗೆ ಬಾಗಿಲಲ್ಲಿ ನಿಂತು, "ಬರಿಗೈಲೇ ಬಂದ್ಬಿಟ್ಟೆ ತಂಗಿ, ಹೂವು ತರೋಕೂ ತೋಚಲಿಲ್ಲ," ಎಂದಿದ್ದ. "ನೀವು ಯಾವತ್ತು ಬೇರೆ ಥರ ಬಂದಿದ್ರಿ ಅಣ್ಣಾ," ಎಂದು ಅವಳು ಅಂದಿದ್ದಳು. ಇಬ್ಬರೂ ಆಗ ಒಂದು ಗಳಿಗೆ ನಕ್ಕಿದ್ದರು.

"ಕತ್ತರಿ ಕೊಡು ಮಗಾ," ಎಂದ ಈಗ. "ಹಿಂದುಗಡೆ ಸೀಳಿ ಹೊದಿಸಿದ್ರಾಯ್ತು. ಯಾರು ಮಗುಚಿ ನೋಡ್ತಾರೆ?"

ಬೆಳಗ್ಗೆ ಆರೂವರೆಗೆ ಹೆಂಡತಿ ಎದ್ದು ಹಿತ್ತಿಲಿಗೆ ಹೋದಾಗ ಗಂಡ ಬಕೆಟ್ಟಿನ ಪಕ್ಕ ಮಂಡಿಯೂರಿ, ಅದರ ಅಂಚಿನ ಮೇಲೆ ಎಡಗೈ ಇಟ್ಟುಕೊಂಡು ಒರಗಿದ್ದ. ಬಂದ ಡಾಕ್ಟರು ಎದೆಬಡಿತ ನಿಂತಿದೆ ಎಂದು ಬರೆದುಕೊಟ್ಟರು. ಎರಡು ಗಂಟೆ ಬಸ್ಸಿನ ದಾರಿಯ ಊರಿಂದ ಮಗಳು ಬರುವ ಹೊತ್ತಿಗೆ ಕೈ ಇನ್ನೂ ಬಕೆಟ್ಟಿನ ಅಂಚಿನ ಮೇಲೇ ಇದೆಯೇನೋ ಎಂಬಂತೆ ಗಟ್ಟಿಯಾಗಿತ್ತು.

ಮಗಳು ಅಂಗಿಯ ಬೆನ್ನು ಸೀಳಿ, ತೋಳನ್ನು ಮೆಲ್ಲಗೆ ಮುಂಗೈ ಮೇಲೆ ಸರಿಸುತ್ತಾ ನಿಂತುಬಿಟ್ಟಳು. ಮಣಿಕಟ್ಟಿನ ಸುತ್ತ ಬಳೆಯಷ್ಟು ಅಗಲದ ಕಂದು ಗೆರೆಯಿತ್ತು.

"ಅಮ್ಮಾ, ಇದೇನು?"

"ವಾಚಿನ ಪಟ್ಟೀದು."

"ಅಪ್ಪ ವಾಚು ಕಟ್ಟಿ ವರ್ಷದ ಮೇಲಾಯ್ತು." ಅವಳು ಬಲಗೈ ತೋಳನ್ನೂ ಮೇಲೆತ್ತಿದಳು. "ಈ ಕೈಲೂ ಇದೆ."

"ಗುಂಡಿ ಹಾಕು. ಮೂರು ಗಂಟೆಗೆ ವ್ಯಾನು ಬರುತ್ತೆ," ಎಂದಳು ತಾಯಿ.

*

ಕ್ಲಬ್ಬಿನ ಸಾಮಾನು ಕೋಣೆಯ ಕೆಲಸಕ್ಕೆ ಅವಳ ಅಪ್ಪ ಸೇರಿದಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಆಟಗಾರರ ಬಟ್ಟೆ ಒಗೆಯುವುದು, ಚೆಂಡಿಗೆ ಗಾಳಿ ತುಂಬುವುದು, ಬೂಟಿನ ಕೆಸರು ಕೆರೆಯುವುದು ಅವನ ಕೆಲಸ. ಆಗಿನ ಚರ್ಮದ ಚೆಂಡು ಮಳೆಯಲ್ಲಿ ನೀರು ಕುಡಿದು ಕಲ್ಲಾಗುತ್ತಿತ್ತು. ಚಳಿಗಾಲದ ಒಂದು ಆಟದಲ್ಲಿ ಬರಿಗೈಯ ಬೆರಳು ಒಡೆದು ಚೆಂಡಿಗೆಲ್ಲ ರಕ್ತ ಮೆತ್ತಿದ್ದನ್ನು ಕಂಡು, ತಾನು ಮದುವೆಯಾಗಲಿದ್ದ ಹುಡುಗಿಯ ಬಳಿ ಹೋದ. ಅವಳು ಹೊಲಿಗೆ ಅಂಗಡಿಯಲ್ಲಿದ್ದಳು.

"ದಪ್ಪ ಹತ್ತಿ ನೂಲಲ್ಲಿ ಒಂದು ಜೊತೆ ಗ್ಲೌಸ್ ಹೆಣೀತೀಯಾ? ದೊಡ್ಡ ಕೈ."

"ಯಾರ ಕೈ ಅಷ್ಟು ದೊಡ್ಡದು?"

"ನಂದಲ್ಲ, ಹೆದರಬೇಡ."

ಬರಿಗೈ ಆ ಗವಸುಗಳನ್ನು ಫೋಟೋಗಷ್ಟೇ ತೊಟ್ಟ. "ಕೈಲಿ ಬೆಕ್ಕು ಕೂತ ಹಾಗಿದೆ ಕಣಯ್ಯಾ," ಎಂದ. ಅವನ ನಂತರ ಬಂದ ಕೀಪರ್ ಆರು ವರ್ಷ ಅವನ್ನೇ ಹಾಕಿ ಆಡಿದ. ಪ್ರತಿ ಆಟದ ಮಾರನೆಯ ದಿನ ಸೋಡಾಪುಡಿ ಹಾಕಿದ ಕುದಿಯುವ ನೀರಲ್ಲಿ ಅವನ್ನು ಅದ್ದಿ ತಿಕ್ಕುವುದು, ಹಿಂಡಿ ಬಿಸಿಲಿಗೆ ಹಾಕುವುದು ಇವನ ಕೆಲಸ. ಆಮೇಲೆ ಚರ್ಮದವು ಬಂದವು. ಟೇಬಲ್ ಟೆನಿಸ್ ಬ್ಯಾಟಿನ ಗುಳ್ಳೆಗುಳ್ಳೆ ರಬ್ಬರನ್ನು ಇವನೇ ಕತ್ತರಿಸಿ ಅಂಗೈಗೆ ಹೊಲಿಯುತ್ತಿದ್ದ. ಅವಕ್ಕೆ ನೀರು ಆಗದು, ಎಣ್ಣೆ ತಿಕ್ಕಬೇಕು. ಅಷ್ಟರಲ್ಲಿ ಊರಿಗೆಲ್ಲ ಅವನು ಗ್ಲೌಸಣ್ಣನಾಗಿದ್ದ.

ಸ್ಪಂಜಿನಂಥ ಮೆತ್ತನೆಯ ರಬ್ಬರಿನ ಮೊದಲ ಜೊತೆ ಹೊರದೇಶದಿಂದ ಬಂದಾಗ ಮಗಳಿಗೆ ಒಂಬತ್ತು ವರ್ಷ. ಒಳಗೆ ಹೊಲಿದಿದ್ದ ಚೀಟಿಯನ್ನು ಅವನಿಗೆ ಓದಲು ಬಾರದು. ಅವಳು ನಿಘಂಟು ತೆರೆದಿಟ್ಟುಕೊಂಡು ಒಂದೊಂದೇ ಸಾಲು ಬಿಡಿಸಿದಳು. ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಹಿಂಡಬೇಡಿ. ಬಿಸಿಲಿಗೆ ಒಡ್ಡಬೇಡಿ.

"ಇದೇನು ಗ್ಲೌಸೋ, ಬಾಣಂತಿಯೋ?" ಎಂದು ಅವನು ನಗುತ್ತಲೇ ಇದ್ದ.

ಆದರೂ ಮಗುವನ್ನು ಮೀಯಿಸುವ ಹಾಗೆ ತೊಳೆದ. ಆಟಕ್ಕೆ ಮೊದಲು ಅಂಗೈ ಒದ್ದೆಯಾದರೇ ಅದಕ್ಕೆ ಹಿಡಿತ, ಒಣಗಿದರೆ ಜಾರುತ್ತದೆ ಎಂದು ಕಂಡುಕೊಂಡ. ಕೆಲವು ವರ್ಷಗಳ ಮೇಲೆ ಬೆರಳು ಹಿಂದಕ್ಕೆ ಬಾಗದಂತೆ ಒಳಗೆ ಪಟ್ಟಿಗಳಿದ್ದ ಗವಸುಗಳು ಬಂದವು. ಬರಿಗೈ ಸಾಮಾನು ಕೋಣೆಗೆ ಬಂದು ಒಂದನ್ನು ತೊಟ್ಟು ನೋಡಲು ಹೋದ. ಅವನ ಬೆರಳುಗಳು ಒಳಗೆ ಹೋಗಲಿಲ್ಲ.

*

ಎರಡು ಗಂಟೆಗೆ ಎತ್ತರದ ಒಬ್ಬ ಯುವಕ ಬಂದು ಗೇಟಿನ ಹೊರಗೆ ನಿಂತ. ಈಗಿನ ಕೀಪರ್, ಉದ್ದ ನೋಡಿ ಏಣಿ ಎಂದು ಹೆಸರು ಬಿದ್ದಿತ್ತು. ಮಗಳು ಮೆಟ್ಟಿಲಿಳಿದು ಹೋದಳು.

"ಯಾಕೆ ಬಂದೆ? ಎಸೆಯೋದು ಇನ್ನೇನಾದ್ರೂ ಬಾಕಿ ಇತ್ತಾ?"

"ಒಂದ್ಸಲ ಮುಖ ನೋಡಿ ಹೋಗ್ತೀನಿ ಅಕ್ಕಾ."

"ಅವತ್ತು ನೋಡಲಿಲ್ವಾ ಮುಖ?"

ಅವತ್ತು ಎಂದರೆ ಎರಡು ವರ್ಷದ ಹಿಂದೆ, ಫೈನಲ್ ಆಟದ ದಿನ. ಬೆಳಗ್ಗೆ ಸಾಮಾನು ಕೋಣೆಯ ಬಾಗಿಲು ತೆರೆದರೆ ಒಳಗೆಲ್ಲ ಹಬೆ. ಏಣಿಯ ಮೂರು ಜೊತೆ ಕೈಗವಸೂ ಸೋಡಾ ನೀರಲ್ಲಿ ಕುದಿಯುತ್ತಿದ್ದವು. ಅಂಗೈಗಳು ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಕಳಚಿ ತೇಲುತ್ತಿದ್ದವು. ಗ್ಲೌಸಣ್ಣ ಕೋಲಿನಿಂದ ತಿರುವುತ್ತಾ, "ಇನ್ನೊಂದು ಕುದಿ ಬಂದ್ರೆ ಆಯ್ತು," ಎಂದ. ಎರಡನೇ ಕೀಪರನ ಬಿಗಿ ಗವಸಿನಲ್ಲಿ ಆಡಿದ ಏಣಿಯ ಕೈಯಿಂದ ಎರಡು ಚೆಂಡು ಜಾರಿದವು. ಆಟ ಸೋತರು. ಮೈದಾನದಿಂದ ಬಂದವನೇ ಎಲ್ಲರೆದುರು ಗವಸುಗಳನ್ನು ಬಿಚ್ಚಿ ಗ್ಲೌಸಣ್ಣನ ಮುಖಕ್ಕೆ ಎಸೆದ. "ಮೂವತ್ತೆಂಟು ವರ್ಷದಿಂದ ಏನು ಕಿಸಿದೆ ಇಲ್ಲಿ?" ಎಂದ. ಮಾರನೆಯ ದಿನ ಕಾರ್ಯದರ್ಶಿ ಕೋಣೆಯ ಬೀಗದಕೈ ಇಸಿದುಕೊಂಡರು. ಅದು ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದ್ದು ಏಳು ತಿಂಗಳ ಮೇಲೆ.

"ಒಳಗೆ ಬಾರಪ್ಪಾ," ಎಂದು ಹೊಸ್ತಿಲಿಂದ ತಾಯಿ ಕರೆದಳು.

"ಅಮ್ಮಾ, ಇವನು ಮಾಡಿದ ಅವಮಾನಕ್ಕೇ ಅಪ್ಪ ಹೀಗಾದದ್ದು!"

"ಇವನಿಂದ ಏನೂ ಆಗಿಲ್ಲ. ನೀನೂ ಬಾ, ಕೂತ್ಕೋ."

ಅವಳು ಹೊಲಿಗೆ ಯಂತ್ರದ ಖಾನೆ ಎಳೆದು ದಪ್ಪ ಬಟ್ಟೆಯ ಎರಡು ಚೀಲಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಚೀಲದ ಬಾಯಿಗೆ ಎರಡು ಸುತ್ತು ಕಟ್ಟುವಷ್ಟು ಲಾಡಿ. ಲಾಡಿಗಳು ಎಳೆದೆಳೆದು ಹುರಿಯಂತಾಗಿದ್ದವು. ಮಗಳಿಗೆ ಮಣಿಕಟ್ಟಿನ ಗೆರೆ ಅರ್ಥವಾಯಿತು.

"ನಾನೇ ಹೊಲಿದೆ," ಎಂದಳು ತಾಯಿ. "ಇಡೀ ದಿನ ಒಗೆಯೋರು. ಒಗೆದದ್ದನ್ನೇ ಒಗೆಯೋರು. ಮೊದಮೊದಲು ಚಪ್ಪಲಿಗೆ, ಕುರ್ಚಿಗೆ ಎಣ್ಣೆ ತಿಕ್ತಿದ್ರು. ಆಮೇಲೆ ಸೋಡಾ. ಕೈಯೆಲ್ಲ ಬಿರಿದು ರಕ್ತ ಬರ್ತಿತ್ತು, ಅದನ್ನೇ ತಗೊಂಡು ಹೋಗಿ ಸೋಡಾ ನೀರಲ್ಲಿ ಅದ್ದೋರು. ಕೈ ನೀರಿಗೆ ಹಾಕಿಸಬೇಡಿ ಅಂದ್ರು ಡಾಕ್ಟರು. ಹೇಗೆ ಅಂತ ಹೇಳಲಿಲ್ಲ."

ಬರಿಗೈ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ.

"ಮೊದಲನೇ ದಿನ ಕಟ್ಟಿದಾಗ ತಿರುಗಿಸಿ ತಿರುಗಿಸಿ ನೋಡಿದ್ರು. ಬೈತಾರೆ ಅಂದ್ಕೊಂಡೆ. 'ಹೊಲಿಗೆ ಒಳ್ಳೇದಿದೆ. ಆದ್ರೆ ಹೆಬ್ಬೆರಳೇ ಇಟ್ಟಿಲ್ಲವಲ್ಲ ಇವರು, ಕೀಪರು ಚೆಂಡು ಹಿಡಿಯೋದು ಹೇಗೆ? ವಾಪಸ್ ಕಳಿಸಬೇಕು,' ಅಂದ್ರು. ದಿನಾ ಅದೇ ಮಾತು. ನಾನು ದಿನಾ ಕಟ್ಟಿದೆ."

"ನನಗೆ ಯಾಕೆ ಹೇಳಲಿಲ್ಲ?" ಎಂದಳು ಮಗಳು. "ಹದಿನೈದು ದಿನಕ್ಕೊಂದು ಸಲ ಬರ್ತಿದ್ನಲ್ಲ."

"ನೀನು ಬರೋ ದಿನ ಬಿಚ್ಚಿ ತುಂಬುತೋಳಿನ ಅಂಗಿ ಹಾಕ್ತಿದ್ದೆ. ಹೇಳಿದ್ರೆ ಬಿಚ್ಚು ಅಂತಿದ್ದೆ ನೀನು. ಬಿಚ್ಚಿಸಿ, ಸಂಜೆ ಬಸ್ಸು ಹತ್ತಿ ಹೋಗ್ತಿದ್ದೆ."

ಮಗಳು ಕುರ್ಚಿ ಎಳೆದುಕೊಂಡು ಕೂತಳು. ತಾಯಿ ಮುಂದುವರಿಸಿದಳು.

"ಹೋದ ವಾರ ಹತ್ತಿರ ಬಂದು ಕೂತ್ರು. 'ಆ ಕೀಪರು ಬರಿಗೈಲಿ ಆಡ್ತಾನೆ, ಬೆರಳು ಒಡೀತಾವೆ. ನೀನು ಹೆಣೀತೀಯಾ?' ಅಂದ್ರು, ಆವಾಗ ಅಂಗಡೀಲಿ ಕೇಳಿದ ಹಾಗೇ. ನನ್ನ ಹೆಸರೂ ಗೊತ್ತಿರಲಿಲ್ಲ ಅವರಿಗೆ. ಹೂಂ ಅಂದೆ."

ಗೋಡೆಯ ಬಳಿ ಬರಿಗೈ ಮುಖ ಆಚೆ ತಿರುಗಿಸಿದ.

"ಇವತ್ತು ಬೆಳಗ್ಗೆ ಐದಕ್ಕೆ, ಆಟ ಇದೆ ಬಿಚ್ಚು ಅಂದ್ರು. ಬಿಚ್ಚಿದೆ. ಹಿತ್ತಿಲಲ್ಲಿ ಬಟ್ಟೆ ಉಜ್ಜೋ ಸದ್ದು ಕೇಳ್ತಿತ್ತು. ಎದ್ದು ಹೋಗ್ಬೇಕಿತ್ತು. ನಿದ್ದೆ ಅಂದ್ರೆ ನಿದ್ದೆ ಕಣೆ ಕಣ್ಣಲ್ಲಿ. ಆಮೇಲೆ ಸದ್ದು ನಿಂತಿತು. ನಿಂತದ್ದು ನನಗೆ ಗೊತ್ತಾಯ್ತು." ಅವಳು ಚೀಲಗಳ ಲಾಡಿಯನ್ನು ಬೆರಳಿಂದ ನೇರ ಮಾಡಿದಳು. "ಸದ್ಯ ಅಂದ್ಕೊಂಡು ಮಗ್ಗುಲು ಬದಲಾಯಿಸಿದೆ."

ಏಣಿ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಅವಳು ಅವನ ಕಡೆ ತಿರುಗಿದಳು. "ನೀನು ಎಸೆದದ್ದು ಒಂದು ದಿನ. ಅವರಿಗದು ನೆನಪೂ ಇರಲಿಲ್ಲ. ಹೋಗು, ತಲೆ ಕಡೆ ಹಿಡ್ಕೋ. ಭಾರ ಇಲ್ಲ ಈಗ."

*

ಸ್ಮಶಾನದಲ್ಲಿ ಆಟಗಾರರು ಏಳೆಂಟು ಜನ ಇದ್ದರು. ಸಂಜೆ ಐದಕ್ಕೆ ಆಟವಿದ್ದುದರಿಂದ ಅಂಗಿಯ ಒಳಗೆ ಕ್ಲಬ್ಬಿನ ಬಟ್ಟೆ ತೊಟ್ಟೇ ಬಂದಿದ್ದರು. ಕಾರ್ಯದರ್ಶಿಗಳು ಕ್ಲಬ್ಬಿನ ಬಾವುಟ ಮಡಚಿ ತಂದು, "ಪೆಟ್ಟಿಗೆ ಮೇಲೆ ಹೊದಿಸೋಣ ಅಂತ," ಎಂದರು.

"ಬೇಡ," ಎಂದಳು ತಾಯಿ. "ಮಣ್ಣಾಗುತ್ತೆ. ಒಗೆಯೋರು ಇಲ್ಲ ಇನ್ನು."

ಹಗ್ಗ ಹಿಡಿದು ಪೆಟ್ಟಿಗೆ ಇಳಿಸುವಾಗ ಏಣಿ ಅಳುತ್ತಿದ್ದ. ಕೈ ಮಾತ್ರ ಅಲುಗಲಿಲ್ಲ. ಬರಿಗೈ ಒಂದು ಹಿಡಿ ಮಣ್ಣು ತೆಗೆದುಕೊಂಡ. ಗುಂಡಿಯ ಬಳಿ ಬರುವಷ್ಟರಲ್ಲಿ ಅರ್ಧ ಅವನ ಬೆರಳ ಸಂದಿಯಿಂದಲೇ ಸೋರಿಹೋಗಿತ್ತು. ಮಗಳು ತಾಯಿಯ ಪಕ್ಕದಲ್ಲಿ ನಿಂತಿದ್ದಳು, ಮುಟ್ಟದೆ. ಮಣ್ಣು ಪೂರ್ತಿ ಮುಚ್ಚಿದ ಮೇಲೆ ಆಟಗಾರರು ಗಡಿಯಾರ ನೋಡಿಕೊಂಡು ಒಬ್ಬೊಬ್ಬರಾಗಿ ಸರಿದರು.

ಸ್ಮಶಾನದವನಿಂದ ಚೀಟಿ ಬರೆಸಿಕೊಂಡು ಮಗಳು ಹೊರಗೆ ಬಂದಾಗ ವ್ಯಾನಿನ ಹಿಂಬಾಗಿಲು ತೆರೆದಿತ್ತು. ಚಾಲಕ ಪಕ್ಕದಲ್ಲಿ ನಿಂತು ತಲೆ ಕೆರೆಯುತ್ತಿದ್ದ.

"ಕೂತ್ಕೊಳ್ಳಿ ಅಂದೆ ಅಷ್ಟೆ, ಅಕ್ಕಾ. ತಿರುಗಿ ನೋಡಿದ್ರೆ ಹೀಗೆ. ನಾಲ್ಕೂವರೆಗೆ ಇನ್ನೊಂದು ಕಡೆ ಹೋಗ್ಬೇಕು ನಾನು. ಎಬ್ಬಿಸೋಕೆ ಮನಸ್ಸು ಬರಲಿಲ್ಲ."

ಪೆಟ್ಟಿಗೆ ಇಟ್ಟಿದ್ದ ಹಲಗೆಯ ಮೇಲೆ ತಾಯಿ ಮಲಗಿದ್ದಳು. ಮಂಡಿ ಮಡಚಿ, ಕೈಯೆರಡೂ ಕೆನ್ನೆಯ ಕೆಳಗಿಟ್ಟು, ಬಾಯಿ ಅರೆ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಒಂದು ಚಪ್ಪಲಿ ಕಾಲಲ್ಲೇ ಇತ್ತು.

ಮಗಳು ಇನ್ನೊಂದನ್ನು ರಸ್ತೆಯಿಂದ ಎತ್ತಿಕೊಂಡು ಒಳಗೆ ಹತ್ತಿ ಅವಳ ಕಾಲ ಬಳಿ ಕೂತಳು.

"ನಾಲ್ಕೂವರೆಗೆ ತಾನೇ," ಎಂದಳು ಚಾಲಕನಿಗೆ. "ಅಲ್ಲೀವರೆಗೆ ಸುಮ್ನೆ ಎಲ್ಲಾದ್ರೂ ಓಡಿಸ್ತಿರಿ. ನಿಧಾನಕ್ಕೆ."