ಹಾಳೆಯ ನೆತ್ತಿ

ಕಂಪ್ಯೂಟರಿನ ಬಿಳಿಯ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಕಪ್ಪು ಗೀಟು ಮಿನುಗುತ್ತಿತ್ತು. ಕಾಣಿಸಿಕೊಳ್ಳುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಬಾಗಿಲಲ್ಲಿ ನಿಂತು ಹೆಬ್ಬೆರಳಿನಿಂದ ನೆಲ ತಟ್ಟುವ ಗಿರಾಕಿಯ ಹಾಗೆ ಅದು ನನ್ನನ್ನು ಅವಸರಪಡಿಸುತ್ತಿತ್ತು. ಆ ದಿನಗಳಲ್ಲಿ ಕಣ್ಣು ಮುಚ್ಚಿದರೂ ನನಗೆ ಆ ಗೀಟೇ ಕಾಣುತ್ತಿತ್ತು.

ನಮ್ಮದು ಶಾಮಿಯಾನದ ಅಂಗಡಿ. ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಕೊಪ್ಪರಿಗೆ, ಹಂಡೆ, ಜಮಖಾನ, ಕುರ್ಚಿಗಳನ್ನು ಬಾಡಿಗೆಗೆ ಕೊಡುತ್ತಿದ್ದೆವು. ನಾನೂ ನನ್ನ ತಂಗಿಯೂ ಕಟ್ಟಿದ ಅಂಗಡಿ ಅದು. ತಂಗಿ ತೀರಿಕೊಂಡ ಮೇಲೆ ಅವಳ ಮಗಳು ವಿಶಾಲು ನನ್ನ ಜೊತೆ ಕೂತಳು. ಬೆಳಿಗ್ಗೆ ಬಂದ ಗಿರಾಕಿಗಳು ಅವಳ ಪಾಲು, ಮಧ್ಯಾಹ್ನದ ಮೇಲೆ ಬಂದವರು ನನ್ನ ಪಾಲು. ಯಾರ ಮನೆಗೆ ಯಾವತ್ತು ಏನು ಹೋಗಬೇಕೆಂಬುದನ್ನು ಮೊದಲೆಲ್ಲ ಗೋಡೆಯ ಕರಿಹಲಗೆಯ ಮೇಲೆ ಬರೆಯುತ್ತಿದ್ದೆವು. ಥಂಡಿಗೆ ಗೋಡೆ ಬೆವೆತು ಅಕ್ಷರ ಕರಗುತ್ತದೆಂದು ವಿಶಾಲು ಕಂಪ್ಯೂಟರಿಗೆ ಒಂದು ಹೊಸ ಏರ್ಪಾಟು ಹಾಕಿಸಿದಳು. ಅದರಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಅಕ್ಷರ. ಒಂದೊಂದು ಮನೆಗೆ ಒಂದೊಂದು ಟಿಪ್ಪಣಿ. ಮಾಡಬೇಕಾದ ಕೆಲಸದ ಮುಂದೆ ಒಂದು ಖಾಲಿ ಚೌಕ. ಕೆಲಸ ಆದರೆ ಅದರೊಳಗೊಂದು ಗುರುತು. ಬೆಳಿಗ್ಗೆ ಎಲ್ಲ ಟಿಪ್ಪಣಿಗಳಿಂದ ಆ ದಿನದ ಕೆಲಸಗಳು ತಾವಾಗಿ ಒಂದೆಡೆ ಕೂಡುತ್ತಿದ್ದವು. ವಿಶಾಲು ಓದುತ್ತಿದ್ದಳು, ಗಾಡಿಯ ಮಾರಣ್ಣ ಸಾಮಾನು ಹೇರುತ್ತಿದ್ದ.

"ಇಷ್ಟೇ ದೊಡ್ಡಮ್ಮ," ಎಂದು ವಿಶಾಲು ಕಲಿಸಿಕೊಟ್ಟಿದ್ದಳು. "ಬರೀರಿ, ಉಳಿಸು ಅಂತ ಒತ್ತಿ. ಅದು ಇಂಗ್ಲಿಷಲ್ಲಿ ಏನಾದ್ರೂ ಕೇಳಿದ್ರೆ ತಲೆ ಕೆಡಿಸ್ಕೋಬೇಡಿ. ನೀಲಿ ಬಟನ್ ಒತ್ಬಿಡಿ."

ನಾನು ಅಕ್ಷರ ಕಲಿತದ್ದು ಕೂದಲು ನರೆಯತೊಡಗಿದ ಮೇಲೆ, ರಾತ್ರಿ ಶಾಲೆಯಲ್ಲಿ. ಕನ್ನಡ ಕಲಿತೆ, ಲೆಕ್ಕ ಕಲಿತೆ. ಇಂಗ್ಲಿಷಿಗೆ ಬರುವ ಹೊತ್ತಿಗೆ ಶಾಲೆಯೇ ನಿಂತುಹೋಯಿತು. ಆದ್ದರಿಂದ ವಿಶಾಲು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದೆ.

ಮೊದಲ ಎಡವಟ್ಟು ರುದ್ರಾಣಮ್ಮನ ಮನೆಯದು. ಮೊಮ್ಮಗುವಿನ ನಾಮಕರಣಕ್ಕೆ ಕೊಪ್ಪರಿಗೆ ಹೋಗಿರಲಿಲ್ಲ. ಮಾರನೆಯ ದಿನ ಆಕೆ ಸೆರಗು ಸಿಕ್ಕಿಸಿಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿದಳು.

"ಏನಮ್ಮಾ, ಊರಿಗೆಲ್ಲ ಪಾಯಸಾನ ಹಾಲಿನ ಚೊಂಬಲ್ಲಿ ಕಾಯಿಸ್ಲಾ? ಮಗೂಗೆ ಹೆಸ್ರಿಡೋಕೆ ಬಂದೋರು ನನಗೆ ಹೆಸ್ರಿಟ್ಟು ಹೋದ್ರು!"

ಆಕೆ ಹೇಳಿಹೋದದ್ದು ನನಗೆ ಚೆನ್ನಾಗಿ ನೆನಪಿತ್ತು. ಕೊಪ್ಪರಿಗೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ, "ತೂತಿಲ್ಲ ತಾನೆ?" ಎಂದು ಕೇಳಿದ್ದೂ ನೆನಪಿತ್ತು. ಆಕೆ ಎದ್ದ ಕೂಡಲೇ ಬರೆದಿದ್ದೆ. ಈಗ ತೆರೆದು ನೋಡಿದರೆ ರುದ್ರಾಣಮ್ಮನ ಸುಳಿವೇ ಇಲ್ಲ.

"ಬರೆದಿದ್ರಾ ದೊಡ್ಡಮ್ಮ?"

"ಬರೆದಿದ್ದೆ ಕಣೇ."

"ಬರೆದಿದ್ರೆ ಎಲ್ಲಿಗೆ ಹೋಗತ್ತೆ? ನಂದೊಂದೂ ಹೋಗಿಲ್ವಲ್ಲ."

ಸ್ವಲ್ಪ ದಿನಕ್ಕೆ ಒಂದು ಗೃಹಪ್ರವೇಶದ ಜಮಖಾನ ತಪ್ಪಿತು, ಆಮೇಲೆ ಒಂದು ಆರತಕ್ಷತೆಯ ಕುರ್ಚಿಗಳು. ಎಲ್ಲವೂ ನನ್ನ ಪಾಲಿನ ಗಿರಾಕಿಗಳೇ. ವಿಶಾಲು ಗದರಿದ್ದರೆ ಸಹಿಸುತ್ತಿದ್ದೆ. ಅವಳು ಮೆತ್ತಗಾದಳು. "ಊಟ ಆಯ್ತಾ? ಏನು ಊಟ ಮಾಡಿದ್ರಿ, ಹೇಳಿ ನೋಡೋಣ" ಎಂದು ಕೇಳತೊಡಗಿದಳು. ಗಿರಾಕಿಗಳಿಗೆ, ನಾನು ಕೇಳಿಸಿಕೊಳ್ಳುವುದಿಲ್ಲವೆಂದುಕೊಂಡು, "ದೊಡ್ಡಮ್ಮಂಗೆ ವಯಸ್ಸಾಯ್ತು, ನನಗೇ ಹೇಳ್ಬಿಡಿ" ಎಂದಳು. ಕೊನೆಗೊಂದು ದಿನ, "ಸೋಮವಾರ ಮರೆವಿನ ಡಾಕ್ಟ್ರ ಹತ್ರ ಹೋಗಿ ಬರೋಣ. ಅಲ್ಲೀವರೆಗೆ ನೀವು ಗಲ್ಲಾಪೆಟ್ಟಿಗೆ ಮುಂದೆ ಕೂರೋದು ಬೇಡ, ಆರಾಮಾಗಿರಿ," ಎಂದಳು.

ನಮ್ಮವ್ವ ಕಡೆಗಾಲದಲ್ಲಿ ನನ್ನ ಕೈಯಿಂದಲೇ ಗಂಜಿ ಕುಡಿಯುತ್ತ, "ನೀನು ಯಾರ ಮನೆ ಹೆಣ್ಣಮ್ಮ?" ಎಂದು ಕೇಳಿದ್ದಳು. ಆ ಮಾತು ಈಗ ಹಗಲೆಲ್ಲ ನನ್ನ ಬೆನ್ನು ಹತ್ತಿತು. ಬೀಗ ಹಾಕಿ ಬೀದಿ ತಿರುಗುವ ತನಕ ಹೋಗಿ, ಹಾಕಿದೆನೋ ಇಲ್ಲವೋ ಎಂದು ಮರಳಿ ಬಂದು ಜಗ್ಗಿ ನೋಡುತ್ತಿದ್ದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಬೆರಳು ನೆಕ್ಕಿ ನೋಡುತ್ತಿದ್ದೆ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆಂದು ತಿಳಿಯದು. ಬರೆದೆನೆಂದು ನಾನು ಅಂದುಕೊಂಡದ್ದೆಲ್ಲ ಬರೀ ಅಂದುಕೊಂಡದ್ದೇ ಇರಬಹುದೆ?

ಗೊತ್ತುಮಾಡಿಕೊಳ್ಳದೆ ಸೋಮವಾರದ ತನಕ ತಡೆಯುವುದು ನನ್ನಿಂದಾಗಲಿಲ್ಲ. ವಿಶಾಲು ಊಟಕ್ಕೆ ಹೋದ ಹೊತ್ತಿನಲ್ಲಿ ಮಾರಣ್ಣನನ್ನು ಕರೆದೆ.

"ಇಲ್ಲಿ ನಿಂತ್ಕೋ. ನಾನು ಬರೀತೀನಿ, ನೋಡ್ತಾ ಇರು."

"ನಂಗೆ ಓದಕ್ಕೆ ಬರಲ್ವಲ್ಲಮ್ಮ."

"ಓದಬೇಡ. ಬರೆದೆನೋ ಇಲ್ವೋ ಅಷ್ಟು ನೋಡು."

ಮಾರಣ್ಣನ ಮನೆ, ಎಮ್ಮೆಯ ಸೀಮಂತಕ್ಕೆ ಜಮಖಾನ, ಎಂದು ಬರೆದು ಓದಿ ಹೇಳಿದೆ. "ಹಂಗಾದ್ರೆ ಎಮ್ಮೆಗೆ ಹಸಿರು ಬಳೇನೂ ಬರೀರಿ," ಎಂದು ಅವನು ನಕ್ಕ. ಅದನ್ನೂ ಸೇರಿಸಿದೆ. ಉಳಿಸು ಒತ್ತಿದೆ. ಎಂದಿನಂತೆ ಏನೋ ಕೇಳಿತು, ನೀಲಿ ಒತ್ತಿದೆ.

ಮರುದಿನ ಬೆಳಿಗ್ಗೆ ಎಮ್ಮೆಯೂ ಇತ್ತು, ಬಳೆಯೂ ಇತ್ತು. ನನ್ನ ಜೀವ ಕುಸಿಯಿತು. ಬರೆದದ್ದು ಬರೆದ ಹಾಗೆಯೇ ಉಳಿಯುತ್ತದೆಂದ ಮೇಲೆ ಕಾಣದೆ ಹೋದದ್ದನ್ನು ನಾನು ಬರೆದೇ ಇರಲಿಲ್ಲ. ಡಾಕ್ಟರ ಮನೆಗೆ ಹೋಗುವ ಮುಂಚೆಯೇ ತೀರ್ಪು ಬಂದ ಹಾಗಾಯಿತು. ಆ ಮಧ್ಯಾಹ್ನ ವಿಶಾಲು ಇಲ್ಲದಾಗ ಒಬ್ಬರು ಬಂದು ಹಂಡೆ ಹೇಳಿಹೋದರು. ತಪ್ಪಿಸಿಕೊಳ್ಳುವಂತಿರಲಿಲ್ಲ, ಬರೆದಿಟ್ಟೆ.

ಮಾರಣ್ಣ ಮರುದಿನ ಗಾಡಿಗೆ ಹಗ್ಗ ಬಿಗಿಯುತ್ತ ತಮಾಷೆಗೆಂದು ಕೂಗಿದ. "ವಿಶಾಲಮ್ಮ, ನಮ್ಮೆಮ್ಮೆ ಜಮಖಾನ ಯಾವತ್ತಿಗೆ?"

"ಯಾವ ಎಮ್ಮೆ?"

ನಾನು ಎದ್ದು ಬಂದು ನೋಡಿದೆ. ಎಮ್ಮೆ ಇರಲಿಲ್ಲ. ನಾನು ಬರೆದದ್ದರಲ್ಲಿ ಹಂಡೆ ಮಾತ್ರ ಇತ್ತು.

"ನಾನು ಕಣ್ಣಾರೆ ಕಂಡಿದ್ದೀನಿ ತಾಯಿ," ಎಂದು ಮಾರಣ್ಣ ಹಗ್ಗ ಬಿಟ್ಟು ಒಳಗೇ ಬಂದ. "ಅಮ್ಮ ಟಕಟಕ ಅಂತ ಬರೆದ್ರು. ನಾನು ಕುಡಿದೂ ಇರ್ಲಿಲ್ಲ."

ವಿಶಾಲು ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕುರ್ಚಿ ಎಳೆದು ನನ್ನ ಪಕ್ಕ ಕೂತಳು. "ನನ್ನೆದುರಿಗೆ ಒಂದು ಬರೀರಿ."

ಖಾಲಿ ಹಾಳೆ ತೆರೆಯಿತು. ಕಪ್ಪು ಗೀಟು ಮಿನುಗತೊಡಗಿತು. ನಾನು ಬರೆದೆ. ಉಳಿಸು ಒತ್ತಿದೆ. ಎಂದಿನ ಪುಟ್ಟ ಕಿಟಕಿ ಎದ್ದಿತು. ನೀಲಿಯ ಕಡೆಗೆ ಹೊರಟ ನನ್ನ ಕೈಯನ್ನು ವಿಶಾಲು ಗಪ್ಪನೆ ಹಿಡಿದಳು.

"ಒತ್ಬೇಡಿ!"

"ನೀನೇ ತಾನೇ ಒತ್ತು ಅಂದಿದ್ದು?"

ಅವಳು ಪರದೆಗೆ ಮುಖವಿಟ್ಟು ಓದಿದಳು. ತಿರುಗಿದಾಗ ಧ್ವನಿ ಇಳಿದಿತ್ತು. "ಶ್ರೀ ಅನ್ನೋ ಹೆಸರಿನ ಟಿಪ್ಪಣಿ ಆಗ್ಲೇ ಒಂದಿದೆ. ಅದನ್ನ ಅಳಿಸಿ ಇದನ್ನ ಇಡ್ಲಾ ಅಂತ ಕೇಳ್ತಿದೆ, ದೊಡ್ಡಮ್ಮ."

ಹಾಳೆಯ ನೆತ್ತಿಯ ಮೇಲೆ ಶ್ರೀ ಬರೆಯದೆ ರಾತ್ರಿ ಶಾಲೆಯ ಮೇಷ್ಟ್ರು ಮುಂದಿನ ಅಕ್ಷರ ಬರೆಯಗೊಡುತ್ತಿರಲಿಲ್ಲ. ಕಾಗದವಿರಲಿ, ಸಾಮಾನಿನ ಚೀಟಿಯಿರಲಿ, ಮೊದಲು ಶ್ರೀ, ಅದರ ಕೆಳಗೆ ಮಿಕ್ಕಿದ್ದು. ಕರಿಹಲಗೆಯ ಮೇಲೂ ಹಾಗೆಯೇ ಬರೆದಿದ್ದೆ. ಈ ಏರ್ಪಾಟೋ, ಮೊದಲ ಸಾಲನ್ನೇ ಟಿಪ್ಪಣಿಯ ಹೆಸರೆಂದು ತಿಳಿಯುತ್ತಿತ್ತು. ನನ್ನ ಗಿರಾಕಿಗಳೆಲ್ಲರಿಗೂ ಒಂದೇ ಹೆಸರು. ಹೊಸಬರು ಬಂದಾಗ ಹಳಬರನ್ನು ಎಬ್ಬಿಸಿ ಕಳಿಸಲೇ ಎಂದು ಅದು ಪ್ರತಿ ಸಲವೂ ಮರ್ಯಾದೆಯಿಂದಲೇ ಕೇಳಿತ್ತು. ನಾನು ಪ್ರತಿ ಸಲವೂ ಹೂಂ ಅಂದಿದ್ದೆ.

"ಪಟ್ಟೀಲಿ ಶ್ರೀ ಅಂತ ದಿನಾ ಕಾಣ್ತಿತ್ತು," ಎಂದಳು ವಿಶಾಲು. "ನೀವೇನೋ ದೇವರ ಹೆಸರು ಬರೆದು ಇಟ್ಟಿದ್ದೀರ ಅಂತ ತೆಗೆದೂ ನೋಡ್ಲಿಲ್ಲ." ಅವಳ ಕಣ್ಣು ತುಂಬಿತ್ತು. "ನೀಲಿ ಒತ್ತಿ ಅಂತ ಹೇಳ್ಕೊಟ್ಟೋಳೂ ನಾನೇ. ಆಮೇಲೆ ಊರಿಗೆಲ್ಲ ಏನೇನೋ ಹೇಳ್ಕೊಂಡು ಬಂದೆ."

"ಅಳೋದು ಆಮೇಲೆ ಮಾಡು," ಎಂದೆ. "ಹೋಗಿದ್ದನ್ನ ವಾಪಸ್ ತರಕ್ಕಾಗತ್ತಾ?"

ಅವಳು ಏನೇನೋ ಒತ್ತಿ ನೋಡಿದಳು. ಆಗಲಿಲ್ಲ. ನಾಳೆಯಿಂದ ಮುಂದಕ್ಕೆ ಇನ್ನೂ ಎಷ್ಟೋ ಮನೆಗಳು ನಮ್ಮ ಪಾತ್ರೆ ನಂಬಿ ಒಲೆ ಹೂಡಲಿದ್ದವು. ಯಾವ ಮನೆಗಳೆಂಬುದು ಕಂಪ್ಯೂಟರಿನಲ್ಲಿರಲಿಲ್ಲ. ವಿಶಾಲು ನನ್ನನ್ನು ನೋಡಿದಳು. ಕೇಳಬೇಕು, ಆದರೆ ಯಾವ ಬಾಯಲ್ಲಿ ಕೇಳುವುದೆಂದು ಅವಳಿಗೆ ತಿಳಿಯಲಿಲ್ಲ.

"ಬರ್ಕೋ," ಎಂದೆ.

ಕಣ್ಣು ಮುಚ್ಚಿದೆ. ಒಬ್ಬೊಬ್ಬರಾಗಿ ಬಂದರು. ಬುಧವಾರ, ಗಾಣದ ಬೀದಿಯ ಕುಂಟು ಮೇಸ್ತ್ರಿ, ಮಗಳ ಶಾಸ್ತ್ರಕ್ಕೆ ಹಂಡೆ ಮತ್ತು ಜಾಲರಿ ಸೌಟು. ಶುಕ್ರವಾರ, ಕಿವಿ ಕೇಳದ ಅತ್ತೆಯನ್ನು ಕರೆತಂದಿದ್ದ ನೀಲಾವತಿ; ಜಮಖಾನದ ಮೂಲೆ ಹರಿದಿರಬಾರದೆಂದು ಅತ್ತೆ ಮತ್ತೆ ಮತ್ತೆ ಕೂಗಿ ಹೇಳಿದ್ದಳು. ವಿಶಾಲು ಮೊದಲ ಸಾಲಿಗೆ ಮನೆಯವರ ಹೆಸರು ಹಾಕಿ ತಡೆದಳು.

"ಶ್ರೀ?"

"ಎರಡನೇ ಸಾಲಲ್ಲಿ ಹಾಕು. ಯಾರ ಮನೆ ಅಂತ ಕೇಳ್ಕೊಂಡು ಒಳಗೆ ಬರ್ಲಿ."

ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ಮಾರಣ್ಣ ಹೊರಗೆ ಗಾಡಿಯ ಇಂಜಿನ್ನು ನಿಲ್ಲಿಸಿ ಬಾಗಿಲಿಗೊರಗಿ ಕೇಳುತ್ತಿದ್ದ. ಕೊನೆಗೊಂದು ಮುಖ ಬಂತು. ನೇಕಾರರ ಕೇರಿಯ ಹೆಂಗಸು, ಹಣೆಯ ಮೇಲೆ ಹಸಿರು ಹಚ್ಚೆ, ಕುಡಿಯಲು ನೀರು ಕೇಳಿದ್ದಳು. ಏನು ಬೇಕೆಂದಿದ್ದಳು? ಯಾವತ್ತಿಗೆ? ಕಾದೆ. ಬರಲಿಲ್ಲ.

"ಇದು ಮಾತ್ರ ನಿಜವಾಗ್ಲೂ ಮರೆತಿದ್ದೀನಿ ಕಣೇ," ಎಂದೆ.

ಎಷ್ಟು ದಿನದಿಂದ ಆ ಮಾತಿಗೆ ಹೆದರಿದ್ದೆ. ಬಾಯಿಂದ ಹೊರಬಿದ್ದಾಗ ಅದು ಸೀನಿನಷ್ಟು ಹಗುರವಾಗಿತ್ತು. ವಿಶಾಲು ನಕ್ಕಳು. ನಾನೂ ನಕ್ಕೆ.

"ಏಳಿ, ಹೋಗಿ ಕೇಳ್ಕೊಂಡು ಬರೋಣ."

ನೇಕಾರರ ಕೇರಿಗೆ ಇಬ್ಬರೂ ನಡೆದೇ ಹೋದೆವು. ಹಚ್ಚೆಯ ಹೆಂಗಸು ಅಂಗಳದ ಚಾಪೆಯ ಮೇಲೆ ಶಾವಿಗೆ ಹರವುತ್ತಿದ್ದಳು. ನಮ್ಮನ್ನು ಕಂಡು, ಒಂದು ಕೈಯಲ್ಲಿ ಕಾಗೆಯನ್ನು ಓಡಿಸುತ್ತ, ಇನ್ನೊಂದು ಕೈಯಿಂದ, ಕೂತುಕೊಳ್ಳಿ ಎಂಬಂತೆ ಚಾಪೆಯ ಪಕ್ಕದ ನೆರಳನ್ನು ತೋರಿಸಿದಳು.